ಥರ್ಮಾಮೀಟರ್ ಕೆಳಗಿಡಿ, ಮಗುವನ್ನು ನೋಡಿ

ಒಬ್ಬರು ಎರಡು ವರ್ಷದ ಮಗುವಿನ ತಂದೆ, ಇನ್ನೊಬ್ಬರು ಮಕ್ಕಳ ವೈದ್ಯೆ. ಮಗುವಿಗೆ ಸದ್ಯ ಜ್ವರವಿಲ್ಲ. ಹಾಗಾಗಿ ವಾದ ಮಾಡಲು ಇಬ್ಬರಿಗೂ ಪುರುಸೊತ್ತಿದೆ.

ತಂದೆ: ಹೋದ ಸಲ ಜ್ವರ ಬಂದಾಗ ಗಂಟೆಗೊಮ್ಮೆ ಅಳೆದು ಬರೆದಿಟ್ಟ ಪಟ್ಟಿ ಇದು. ಸಂಜೆ 101, ಆಮೇಲೆ 102.4, ಆಮೇಲೆ 103. ರಾತ್ರಿ 104 ಮುಟ್ಟಿದಾಗ ನಿಮಗೆ ಫೋನ್ ಮಾಡಿದೆ. ನಾನು 104 ಅಂದರೆ ನೀವು "ಮಗು ಏನು ಮಾಡ್ತಿದೆ?" ಅಂತ ಕೇಳಿದಿರಿ. ಅಜ್ಜಿಯ ಕನ್ನಡಕ ಕಿತ್ತುಕೊಂಡು ಓಡ್ತಿದೆ ಅಂದೆ. ನೀವು "ಸರಿ, ಬೆಳಿಗ್ಗೆ ನೋಡೋಣ" ಅಂದುಬಿಟ್ಟಿರಿ. ನನಗೆ ಆ ರಾತ್ರಿ ನಿದ್ದೆಯಿಲ್ಲ.

ವೈದ್ಯೆ: ಬರೀ ಅಷ್ಟೇ ಅಲ್ಲ. ಉಸಿರು ಹೇಗಿದೆ, ನೀರು ಕುಡಿಯಿತೇ, ಉಚ್ಚೆ ಹೊಯ್ದಿದೆಯೇ ಅಂತಲೂ ಕೇಳಿದ್ದೆ. ನಿಮಗೆ ನೆನಪಿಲ್ಲ, ಯಾಕೆಂದರೆ ನಿಮ್ಮ ತಲೆಯಲ್ಲಿ 104 ಮಾತ್ರ ಇತ್ತು. 104 ಇದ್ದೂ ಕನ್ನಡಕ ಕಿತ್ತುಕೊಂಡು ಓಡುವ ಮಗುವಿನ ಬಗ್ಗೆ ನನಗೆ ಅಂಥ ಭಯವಿಲ್ಲ. ಜ್ವರ 100 ಇದ್ದು, ಕರೆದರೆ ತಿರುಗಿ ನೋಡದೆ, ಎತ್ತಿಕೊಂಡರೆ ಹೆಗಲ ಮೇಲೆ ಜೋತುಬೀಳುವ ಮಗು ಬಂದರೆ ಸಾಲಿನಲ್ಲಿ ಕೂತವರನ್ನೆಲ್ಲ ಬಿಟ್ಟು ಅದನ್ನೇ ಮೊದಲು ಒಳಗೆ ಕರೆಸುತ್ತೇನೆ.

ತಂದೆ: ಹಾಗಾದರೆ ಥರ್ಮಾಮೀಟರನ್ನು ಕಸದ ಬುಟ್ಟಿಗೆ ಹಾಕೋಣವೇ?

ವೈದ್ಯೆ: ಬೇಡ. ಅದು ಹೇಳುವಷ್ಟನ್ನು ಕೇಳೋಣ. ಹೇಳದ್ದನ್ನೆಲ್ಲ ಅದರ ಬಾಯಿಂದ ಹೇಳಿಸುವುದು ಬೇಡ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಡರ್ಲಿಶ್ ಎಂಬ ವೈದ್ಯರು ಸುಮಾರು 25,000 ರೋಗಿಗಳ ಮೈಬಿಸಿ ಅಳೆದು 1868ರಲ್ಲಿ ಪುಸ್ತಕ ಬರೆದರು. ಆಗಿನ ಥರ್ಮಾಮೀಟರ್ ಒಂದಡಿ ಉದ್ದ. ಅದೇ ಕಾಲದಲ್ಲಿ ಇಂಗ್ಲೆಂಡಿನ ಆಲ್‌ಬಟ್ ಆರಿಂಚಿನದನ್ನು ರೂಪಿಸಿದ ಮೇಲೆ ಅದು ವೈದ್ಯರ ಜೇಬು ಸೇರಿತು, ಆಮೇಲೆ ಮನೆಗಳಿಗೂ ಬಂತು. ಜ್ವರವೇ ಕಾಯಿಲೆ ಅಲ್ಲ, ಕಾಯಿಲೆಯ ಒಂದು ಲಕ್ಷಣ ಎಂದು ತೋರಿಸಿಕೊಟ್ಟವರು ಇದೇ ವುಂಡರ್ಲಿಶ್. ಅವರ ಉಪಕರಣ ಮನೆಮನೆಗೆ ಬಂತು, ಆ ತಿಳಿವಳಿಕೆ ಮಾತ್ರ ಹೊಸ್ತಿಲಾಚೆಯೇ ಉಳಿಯಿತು.

ತಂದೆ: ಆದರೂ ಅಷ್ಟು ಜ್ವರ ಬಂದರೆ ಮಿದುಳಿಗೆ ಏನಾದರೂ ಆಗಿಬಿಡುತ್ತೆ ಅನ್ನುವ ಭಯ ಇರುತ್ತಲ್ಲ?

ವೈದ್ಯೆ: ನಿಮ್ಮೊಬ್ಬರದೇ ಅಲ್ಲ ಆ ಭಯ. ಅಮೆರಿಕದ ಡೆನ್ವರ್‌ನಲ್ಲಿ ಬಾರ್ಟನ್ ಶ್ಮಿಟ್ ಎಂಬ ವೈದ್ಯರು 81 ತಂದೆತಾಯಿಯರನ್ನು ಮಾತಾಡಿಸಿ 1980ರಲ್ಲಿ ಒಂದು ಲೇಖನ ಬರೆದರು. ಅರ್ಧಕ್ಕಿಂತ ಹೆಚ್ಚು ಜನ 104 ಅಥವಾ ಅದಕ್ಕೂ ಕಡಿಮೆ ಜ್ವರ ನರಮಂಡಲವನ್ನು ಹಾಳುಮಾಡುತ್ತದೆ ಎಂದು ನಂಬಿದ್ದರು. ಅದಕ್ಕೆ ಅವರು ಫೀವರ್ ಫೋಬಿಯಾ ಅಂತ ಹೆಸರಿಟ್ಟರು. ನಡೆಯುವುದು ಹೀಗೆ: ಸೋಂಕು ತಗುಲಿದಾಗ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್, ಇಸ್ತ್ರಿಪೆಟ್ಟಿಗೆಯ ಗುಂಡಿ ತಿರುಗಿಸಿದ ಹಾಗೆ, ದೇಹದ ಬಿಸಿಯ ಮಟ್ಟವನ್ನು ತಾನೇ ಏರಿಸುತ್ತದೆ. ತಾನೇ ಏರಿಸಿದ್ದರಿಂದ ಎಲ್ಲಿ ನಿಲ್ಲಿಸಬೇಕೆಂದೂ ಅದಕ್ಕೆ ಗೊತ್ತು. ಸೋಂಕಿನ ಜ್ವರ 106 ದಾಟುವುದು ಅಪರೂಪ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಬಿಟ್ಟು ಹೋದರೆ ಆಗುವುದು ಬೇರೆಯೇ. ಅಲ್ಲಿ ಹತೋಟಿಯೇ ತಪ್ಪಿರುತ್ತದೆ, ಅದು ನಿಜಕ್ಕೂ ಜೀವ ತೆಗೆಯುತ್ತದೆ. ಎರಡನ್ನೂ ಜನ "ಮೈ ಸುಡ್ತಿದೆ" ಅಂತಲೇ ಹೇಳುತ್ತಾರೆ.

ತಂದೆ: ಅಂದರೆ ಅಂಕಿಗೆ ಬೆಲೆಯೇ ಇಲ್ಲ.

ವೈದ್ಯೆ: ಹಾಗಂದೆನೇ? ಒಂದು ವಯಸ್ಸಿನಲ್ಲಿ ಅಂಕಿಯೇ ಎಲ್ಲ. ಮಗು ಮೂರು ತಿಂಗಳಿಗಿಂತ ಚಿಕ್ಕದಾಗಿದ್ದು ಜ್ವರ 100.4, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅದು ಎಷ್ಟೇ ನಗುತ್ತಿರಲಿ, ಹಾಲು ಕುಡಿಯುತ್ತಿರಲಿ, ಆ ಹೊತ್ತೇ ಆಸ್ಪತ್ರೆಗೆ ಒಯ್ಯಬೇಕು. ಇಂಗ್ಲೆಂಡಿನ ನೈಸ್ ಸಂಸ್ಥೆ 2007ರಲ್ಲಿ ಮಕ್ಕಳ ಜ್ವರಕ್ಕೆಂದು ಒಂದು ಮಾರ್ಗಸೂಚಿ ತಂದಿತು. ಟ್ರಾಫಿಕ್ ಸಿಗ್ನಲ್ ಥರ ಹಸಿರು, ಹಳದಿ, ಕೆಂಪು ಎಂದು ಲಕ್ಷಣಗಳನ್ನು ವಿಂಗಡಿಸಿದೆ. ಆಮೇಲೆ 2013ರಲ್ಲಿ, 2019ರಲ್ಲಿ ಪರಿಷ್ಕರಣೆಯೂ ಆಯಿತು. ಮೂರು ತಿಂಗಳೊಳಗೆ 38 ಡಿಗ್ರಿ ಅದರಲ್ಲಿ ಕೆಂಪು. ಮೂರರಿಂದ ಆರು ತಿಂಗಳ ಮಗುವಿಗೆ 39, ಅಂದರೆ 102.2 ಬಂದರೆ ಹಳದಿ. ಆರು ತಿಂಗಳು ದಾಟಿತೋ, ಬರೀ ಜ್ವರ ಎಷ್ಟೆಂದು ನೋಡಿ ಸೋಂಕು ಎಷ್ಟು ಗಂಭೀರವೆಂದು ತೀರ್ಮಾನಿಸಬೇಡಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ.

ತಂದೆ: ಮೂರು ತಿಂಗಳಲ್ಲಿ ಏನಂಥ ವಿಶೇಷ?

ವೈದ್ಯೆ: ಆ ಮಗುವಿನ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ, ಲಸಿಕೆಗಳೂ ಪೂರ್ತಿ ಆಗಿರುವುದಿಲ್ಲ. ಮೇಲಾಗಿ ಅದಕ್ಕೆ ಕಾಯಿಲೆಯನ್ನು ತೋರಿಸಿಕೊಳ್ಳಲು ಇರುವ ದಾರಿಗಳೇ ಕಡಿಮೆ. ಕತ್ತು ಬಿಗಿಯುವುದಿಲ್ಲ, ಎಲ್ಲಿ ನೋವೆಂದು ಹೇಳುವುದಿಲ್ಲ. ಮೂತ್ರದ ಸೋಂಕು, ರಕ್ತದ ಸೋಂಕು, ಮಿದುಳುಪೊರೆಯ ಸೋಂಕು ಮೂರೂ ಆರಂಭದಲ್ಲಿ ಒಂದೇ ಥರ ಕಾಣುತ್ತವೆ. ಇನ್ನೊಂದು ವಿಚಾರ, ಇದನ್ನು ನೀವು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಳ್ಳಿ: ಎಳೆಗೂಸಿಗೆ ಸೋಂಕು ಜೋರಾದಾಗ ಮೈ ಬಿಸಿಯಾಗಲೇಬೇಕೆಂದಿಲ್ಲ, ತಣ್ಣಗೂ ಆಗಬಹುದು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಸುವ ಐಎಂಎನ್‌ಸಿಐ ಕ್ರಮದಲ್ಲಿ ಎರಡು ತಿಂಗಳೊಳಗಿನ ಮಗುವಿನ ಕಂಕುಳಲ್ಲಿ 99.5 ಇದ್ದರೂ ಅಪಾಯ, 95.9ಕ್ಕಿಂತ ಕಡಿಮೆ ಇದ್ದರೂ ಅಪಾಯ. ಕಂಕುಳಲ್ಲಿ ಅಳೆದಾಗ ಒಳಗಿನದಕ್ಕಿಂತ ಸ್ವಲ್ಪ ಕಡಿಮೆ ತೋರಿಸುವುದರಿಂದ ಗೆರೆಯನ್ನೂ ಕೆಳಗೆ ಎಳೆದಿದ್ದಾರೆ. "ಜ್ವರ ಇಲ್ಲವಲ್ಲ, ಹಾಲು ಮಾತ್ರ ಕುಡೀತಿಲ್ಲ" ಎಂದು ಎರಡು ದಿನ ಮನೆಯಲ್ಲೇ ಇಟ್ಟುಕೊಂಡು ಬರುತ್ತಾರಲ್ಲ, ಅಂಥ ಮಕ್ಕಳನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ತಂದೆ: ಆದರೆ ಒಂದೂವರೆ ತಿಂಗಳಿಗೆ ಲಸಿಕೆ ಹಾಕಿದಾಗ ಜ್ವರ ಬರುತ್ತದೆ ಅಂತ ಆಶಾ ಕಾರ್ಯಕರ್ತೆಯೇ ಹೇಳಿ ಕಳಿಸುತ್ತಾರೆ. ಆಗಲೂ ಓಡಬೇಕೇ?

ವೈದ್ಯೆ: ಸರಿಯಾದ ಪ್ರಶ್ನೆ. ಪೆಂಟಾವ್ಯಾಲೆಂಟ್ ಲಸಿಕೆ ಹಾಕಿದ ದಿನ ಅಥವಾ ಮರುದಿನ ಮೈ ಬಿಸಿಯಾಗಿ, ಮಗು ಹಾಲು ಕುಡಿಯುತ್ತ, ಅತ್ತರೆ ಜೋರಾಗಿ ಅಳುತ್ತ ಇದ್ದರೆ ಕೊಟ್ಟ ಡ್ರಾಪ್ಸ್ ಹಾಕಿ ಕಣ್ಣಿಟ್ಟಿರಬಹುದು. ಎರಡು ದಿನ ಕಳೆದರೂ ಬಿಡದಿದ್ದರೆ, ಅಥವಾ ಮೊದಲ ದಿನವೇ ಹಾಲು ಬಿಟ್ಟು ಮಂಕಾದರೆ ಲಸಿಕೆಯ ಮೇಲೆ ಹಾಕಿ ಕೂರಬೇಡಿ. ಲಸಿಕೆ ಹಾಕಿಸಿದ ದಿನ ಬೇರೆ ಸೋಂಕು ಬರಬಾರದೆಂದು ನಿಯಮವೇನಿಲ್ಲ. ಹಲ್ಲು ಬರುವ ಜ್ವರ ಅಂತ ಒಂದಿದೆಯಲ್ಲ, ಅದರದ್ದೂ ಇದೇ ಕತೆ. ಹಲ್ಲು ಮೂಡುವಾಗ ಮೈ ತುಸು ಬೆಚ್ಚಗಾಗಬಹುದು. 102 ಬಂದರೆ ಅದು ಹಲ್ಲಿನದ್ದಲ್ಲ.

ತಂದೆ: ಸರಿ, ನನ್ನ ಮಗುವಿಗೆ ಎರಡು ವರ್ಷ. ಅಂಕಿ ಬೇಡ ಅಂದಿರಿ. ಮತ್ತೆ ಏನು ನೋಡಲಿ?

ವೈದ್ಯೆ: ಅಂಕಿ ಬೇಡ ಅಂದವಳೇ ಇನ್ನೊಂದು ಅಂಕಿ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಉಸಿರು ಎಣಿಸಿ. ಮಗು ಮಲಗಿದ್ದಾಗ ಅಥವಾ ಸಮಾಧಾನವಾಗಿದ್ದಾಗ ಅಂಗಿ ಮೇಲೆತ್ತಿ, ಪೂರಾ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40. ಇಷ್ಟು ಮುಟ್ಟಿದರೆ ಅಥವಾ ದಾಟಿದರೆ ತೋರಿಸಲೇಬೇಕು. ಉಸಿರು ಒಳಗೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಗುಳಿ ಬೀಳುತ್ತಿದ್ದರೆ, ಉಸಿರು ಬಿಡುವಾಗ ನರಳಿದ ಹಾಗೆ ಸದ್ದು ಬರುತ್ತಿದ್ದರೆ, ಎಣಿಸುತ್ತ ಕೂರುವುದೂ ಬೇಡ, ಹೊರಟುಬಿಡಿ.

ತಂದೆ: ಇದು ಸ್ಟೆತಾಸ್ಕೋಪ್ ಇಟ್ಟು ನೀವು ಮಾಡುವ ಕೆಲಸವಲ್ಲವೇ?

ವೈದ್ಯೆ: ಅಲ್ಲೇ ಇರುವುದು ಸ್ವಾರಸ್ಯ. ಪಪುವಾ ನ್ಯೂಗಿನಿಯ ಗೊರೋಕಾ ಎಂಬ ಬೆಟ್ಟದೂರಿನಲ್ಲಿ ಫ್ರಾಂಕ್ ಶಾನ್ ಮತ್ತು ಅವರ ಜೊತೆಗಾರರು ಕೆಮ್ಮಿನ ಮಕ್ಕಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿದರು. ಎಕ್ಸ್‌ರೇ ಇಲ್ಲದ ಕಡೆ ಯಾವ ಮಗುವಿಗೆ ಆ್ಯಂಟಿಬಯೋಟಿಕ್ ಬೇಕು, ಯಾವುದನ್ನು ಆಸ್ಪತ್ರೆಗೆ ಸೇರಿಸಬೇಕು ಎಂಬುದೇ ಅವರ ಪ್ರಶ್ನೆ. ಉಸಿರಿನ ವೇಗ ಮತ್ತು ಎದೆಯ ಗುಳಿ, ಈ ಎರಡೇ ಸಾಕಷ್ಟು ಹೇಳುತ್ತವೆ ಎಂದು 1984ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಎತ್ತಿಕೊಂಡು ಬೆಳೆಸಿತು. ಇವತ್ತು ನಮ್ಮ ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಗಡಿಯಾರ ಹಿಡಿದು ಮಗುವಿನ ಎದೆ ನೋಡುತ್ತ ಕೂರುತ್ತಾಳಲ್ಲ, ಅದರ ಹಿಂದೆ ಗೊರೋಕಾದ ಆ ಮಕ್ಕಳಿದ್ದಾರೆ. ಎಷ್ಟೋ ದೊಡ್ಡ ಕ್ಲಿನಿಕ್‌ಗಳಲ್ಲಿ ಎಕ್ಸ್‌ರೇ ಬರೆಯುತ್ತಾರೆ, ಉಸಿರು ಎಣಿಸುವುದಿಲ್ಲ. ನನಗದು ಸಹಿಸದು.

ತಂದೆ: ಉಸಿರಾಯಿತು. ಮುಂದೆ?

ವೈದ್ಯೆ: ರಕ್ತ ಓಡಾಡುತ್ತಿದೆಯೇ ನೋಡಿ. ಮಗುವಿನ ಎದೆಮೂಳೆಯ ಮೇಲೆ ಬೆರಳಿಟ್ಟು ಐದು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು ಮೂರು ಸೆಕೆಂಡೋ ಹೆಚ್ಚೋ ಆದರೆ ಚಿಂತಿಸಬೇಕು. ಜ್ವರ ಏರುವಾಗ ಕೈಕಾಲು ತಣ್ಣಗಾಗಿ ಚಳಿ ಬರುವುದು ಸಾಮಾನ್ಯ, ಅದಕ್ಕೆ ಗಾಬರಿ ಬೇಡ. ಏರಿ ನಿಂತ ಮೇಲೂ ಕೈಕಾಲು ಹಾಗೇ ತಣ್ಣಗಿದ್ದು ಚರ್ಮದ ಮೇಲೆ ಕಲೆಕಲೆಯಾದ ಬಣ್ಣ ಕಂಡರೆ ಅದು ಬೇರೆ ಮಾತು. 2006ರಲ್ಲಿ ಇಂಗ್ಲೆಂಡಿನಲ್ಲಿ ಮ್ಯಾಥ್ಯೂ ಥಾಂಪ್ಸನ್ ಮತ್ತು ಸಂಗಡಿಗರು ಮೆನಿಂಗೊಕಾಕಸ್ ಸೋಂಕಿಗೆ ಸಿಕ್ಕ 448 ಮಕ್ಕಳ ಕಾಯಿಲೆಯನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಜೋಡಿಸಿ ನೋಡಿದರು. ಪುಸ್ತಕದಲ್ಲಿ ನಾವು ಓದಿದ ಗುಳ್ಳೆ, ಕತ್ತು ಬಿಗಿತ, ಪ್ರಜ್ಞೆ ಮಂಕಾಗುವುದು, ಇವೆಲ್ಲ ಕಾಣಿಸಿದ್ದು ಹದಿಮೂರು ಗಂಟೆ ಕಳೆದ ಮೇಲೆ. ಕಾಲುನೋವು, ತಣ್ಣನೆಯ ಕೈಕಾಲು, ಬದಲಾದ ಮೈಬಣ್ಣ ಎಂಟು ಗಂಟೆಯ ಹೊತ್ತಿಗೇ ಬಂದಿದ್ದವು. ಮೊದಲ ಸಲ ವೈದ್ಯರಿಗೆ ತೋರಿಸಿದಾಗ ಆಸ್ಪತ್ರೆಗೆ ಹೋಗಿ ಅನ್ನಿಸಿಕೊಂಡವರು ಅರ್ಧದಷ್ಟು ಮಾತ್ರ.

ತಂದೆ: ಈ ಬಣ್ಣದ ವಿಷಯದಲ್ಲಿ ನನಗೊಂದು ತಕರಾರಿದೆ. ಪಾಲಕರಿಗಾಗಿ ಬರೆದ ಚೀಟಿಗಳಲ್ಲಿ ಬಿಳಿ ಮಗುವಿನ ಚಿತ್ರ ಇರುತ್ತದೆ. ಕೆಂಪು ಗುಳ್ಳೆ, ನೀಲಿ ತುಟಿ. ನನ್ನ ಮಗ ಎಣ್ಣೆಗಪ್ಪು. ಅವನ ಮೈಮೇಲೆ ಏನು ಕೆಂಪು ಕಾಣುತ್ತೆ?

ವೈದ್ಯೆ: ತಕರಾರು ನ್ಯಾಯವಾದದ್ದೇ. ನಮ್ಮ ಮಕ್ಕಳಲ್ಲಿ ಬಣ್ಣ ನೋಡಬೇಕಾದರೆ ನಾಲಗೆ, ತುಟಿಯ ಒಳಬದಿ, ಕಣ್ಣಿನ ಕೆಳರೆಪ್ಪೆಯ ಒಳಗೆ, ಅಂಗೈ, ಅಂಗಾಲು ನೋಡಬೇಕು. ಗಾಜಿನ ಲೋಟ ಒತ್ತಿ ನೋಡುವ ಪರೀಕ್ಷೆಯನ್ನೂ ಅಲ್ಲೇ ಮಾಡಿ. ಒತ್ತಿದರೂ ಮಾಯವಾಗದ ಚುಕ್ಕೆ ಚರ್ಮದೊಳಗಿನ ರಕ್ತಸ್ರಾವ, ಜ್ವರದ ಜೊತೆ ಅದು ಕಂಡರೆ ತಡಮಾಡುವ ಹಾಗಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸಬಹುದೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಎತ್ತಿ ತೋರಿಸಿತು. ಹಾಗಾಗಿ 95 ತೋರಿಸುತ್ತಿದೆ ಎಂದು, ಏದುಸಿರು ಬಿಡುವ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ತಂದೆ: ನೀವು ಹೇಳುವುದೆಲ್ಲ ಕೇಳಿದರೆ ಕೊನೆಗೆ ಎಲ್ಲ ಅಂದಾಜಿನ ಮೇಲೆ ನಿಂತಿದೆ ಅನ್ನಿಸುತ್ತೆ. ಮಗು ಆಡುತ್ತಿದೆಯೇ, ನಗುತ್ತಿದೆಯೇ! ಇದು ಅಜ್ಜಿ ವೈದ್ಯವೇ ಹೊರತು ವಿಜ್ಞಾನ ಹೇಗಾಯಿತು?

ವೈದ್ಯೆ: ಅಜ್ಜಿ ನೋಡುವುದನ್ನೇ ಅಳೆದು ನೋಡಿದರೆ ವಿಜ್ಞಾನವಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಪಾಲ್ ಮೆಕಾರ್ಥಿ 1982ರಲ್ಲಿ ಅದನ್ನೇ ಮಾಡಿದರು. ಅಳು ಹೇಗಿದೆ, ತಾಯಿ ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ, ಎಬ್ಬಿಸಿದರೆ ಪೂರ್ತಿ ಎಚ್ಚರವಾಗುತ್ತದೆಯೇ, ಮೈಬಣ್ಣ, ಬಾಯಿಯ ಪಸೆ, ಮಾತಾಡಿಸಿದರೆ ನಗುತ್ತದೆಯೇ, ಹೀಗೆ ಆರು ವಿಷಯಕ್ಕೆ ಅಂಕ ಕೊಡುವ ಪಟ್ಟಿ. ನಿಮ್ಮ ಪಟ್ಟಿಗಿಂತ ಅದು ಮೇಲು. ಆದರೆ ಎರಡು ತಿಂಗಳೊಳಗಿನ ಕೂಸುಗಳಲ್ಲಿ ಅದೂ ಕೈಕೊಡುತ್ತದೆ. ಇನ್ನು ಅಂದಾಜಿನ ಮಾತು. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದಲ್ಲಿ ಆ್ಯನ್ ವಾನ್ ಡೆನ್ ಬ್ರೂಯೆಲ್ ಮತ್ತು ತಂಡದವರು 3,890 ಮಕ್ಕಳನ್ನು ಗಮನಿಸಿ 2012ರಲ್ಲಿ ವರದಿ ಮಾಡಿದರು. ಅವರಲ್ಲಿ ಗಂಭೀರ ಸೋಂಕಿದ್ದದ್ದು 21 ಮಕ್ಕಳಿಗೆ ಮಾತ್ರ. ವೈದ್ಯರು ಪರೀಕ್ಷಿಸಿ "ಗಂಭೀರವಲ್ಲ" ಎಂದು ಬರೆದವರು 3,369. ಅವರಲ್ಲಿ ಆರು ಮಕ್ಕಳು ಮುಂದೆ ಗಂಭೀರ ಸೋಂಕಿನಿಂದ ಆಸ್ಪತ್ರೆ ಸೇರಿದರು. "ಪರೀಕ್ಷೆಯಲ್ಲಿ ಏನೂ ಸಿಗುತ್ತಿಲ್ಲ, ಆದರೂ ಏನೋ ಸರಿಯಿಲ್ಲ" ಎಂಬ ಒಳಮನಸ್ಸಿನ ಮಾತಿಗೆ ಕಿವಿಗೊಟ್ಟಿದ್ದರೆ ಆ ಆರರಲ್ಲಿ ಇಬ್ಬರನ್ನು ಮೊದಲೇ ಹಿಡಿಯಬಹುದಿತ್ತು.

ತಂದೆ: ಆರರಲ್ಲಿ ಎರಡು. ಅದೇನು ದೊಡ್ಡ ಸಾಧನೆ? ಎಷ್ಟು ಮಕ್ಕಳನ್ನು ಸುಮ್ಮನೆ ಆಸ್ಪತ್ರೆಗೆ ಓಡಿಸಬೇಕಾಗುತ್ತಿತ್ತು?

ವೈದ್ಯೆ: 44. ಮೂರು ಸಾವಿರದ ಚಿಲ್ಲರೆಯಲ್ಲಿ 44 ಸುಳ್ಳು ಎಚ್ಚರಿಕೆ, ಇಬ್ಬರು ಮಕ್ಕಳಿಗಾಗಿ. ನನಗದು ದುಬಾರಿ ಅನ್ನಿಸುವುದಿಲ್ಲ. ಆ ಒಳಮನಸ್ಸು ಆಕಾಶದಿಂದ ಬಂದದ್ದೂ ಅಲ್ಲ. ಮಗು ಮಂಕಾಗಿರುವುದು, ನಗದಿರುವುದು, ಉಸಿರಾಟದ ರೀತಿ, ಎಲ್ಲಕ್ಕಿಂತ ಮುಖ್ಯವಾಗಿ "ಇವನಿಗೆ ಹಿಂದೆಂದೂ ಹೀಗಾಗಿರಲಿಲ್ಲ" ಎಂಬ ತಾಯಿತಂದೆಯ ಮಾತು, ಇವುಗಳಿಂದಲೇ ಅದು ಹುಟ್ಟುತ್ತಿತ್ತು ಎಂದು ಅದೇ ಅಧ್ಯಯನ ಹೇಳುತ್ತದೆ.

ತಂದೆ: ಈಗ ಸಿಕ್ಕಿಬಿದ್ದಿರಿ! ನಾನು ಗಾಬರಿಪಟ್ಟರೆ ಫೀವರ್ ಫೋಬಿಯಾ. ಆ ತಾಯಿ ಗಾಬರಿಪಟ್ಟರೆ ರೋಗಲಕ್ಷಣ. ಯಾವುದು ಯಾವುದೆಂದು ಯಾರು ಹೇಳಬೇಕು?

ವೈದ್ಯೆ: ಆಕೆ ಏನನ್ನು ನೋಡಿ ಗಾಬರಿಯಾದಳು ಎಂಬುದರಲ್ಲಿ ವ್ಯತ್ಯಾಸ ಇದೆ. ನೀವು ನೋಡಿದ್ದು ಥರ್ಮಾಮೀಟರನ್ನು, ಆಕೆ ನೋಡಿದ್ದು ಮಗುವನ್ನು. "ಜ್ವರ ಇಳೀತಿಲ್ಲ" ಅನ್ನುವುದು ಒಂದು ಬಗೆ, "ನನ್ನ ಮಗು ನನ್ನ ಮಗುವಿನ ಹಾಗಿಲ್ಲ" ಅನ್ನುವುದು ಇನ್ನೊಂದು ಬಗೆ. ಎರಡನೆಯದನ್ನು ಕೇಳಿದ ಮೇಲೂ ಮಗುವನ್ನು ಮುಟ್ಟದೆ ಕಳಿಸುವ ವೈದ್ಯರು ವೃತ್ತಿ ಬಿಡುವುದು ಲೇಸು. ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ, ಮೊದಲನೆಯವರನ್ನೂ ಬೈದು ಕಳಿಸಬಾರದು. 2021ರಲ್ಲಿ ಲಂಡನ್ನಿನಲ್ಲಿ ಮಾರ್ಥಾ ಮಿಲ್ಸ್ ಎಂಬ ಹದಿಮೂರರ ಹುಡುಗಿ ಆಸ್ಪತ್ರೆಯಲ್ಲಿದ್ದಾಗಲೇ ಸೆಪ್ಸಿಸ್ ಆಗಿ ತೀರಿಕೊಂಡಳು. ತಂದೆತಾಯಿ ಹೇಳಿಕೊಂಡ ಆತಂಕಕ್ಕೆ ಬೆಲೆ ಸಿಕ್ಕಿರಲಿಲ್ಲ. ಅವರು ಹಟ ಹಿಡಿದು ಮಾಡಿದ ಹೋರಾಟದಿಂದ 2024ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಾರ್ಥಾ ನಿಯಮ ಶುರುವಾಯಿತು. ರೋಗಿಯ ಸ್ಥಿತಿ ಕೆಡುತ್ತಿದೆ ಅನ್ನಿಸಿದರೆ ಮನೆಯವರೇ ಬೇರೊಂದು ತಂಡದಿಂದ ತುರ್ತು ಪರೀಕ್ಷೆ ಕೇಳಬಹುದು. ನಮ್ಮಲ್ಲಿ "ಡಾಕ್ಟರಿಗಿಂತ ನಿಮಗೆ ಹೆಚ್ಚು ಗೊತ್ತೇ" ಎಂದು ಕೇಳುವವರಿಗೆ ಇದನ್ನು ಓದಿ ಹೇಳಬೇಕು.

ತಂದೆ: ಇಂಗ್ಲೆಂಡ್, ಬೆಲ್ಜಿಯಂ ಅಂತೀರಿ. ಅಲ್ಲಿ ಡೆಂಗಿ ಇಲ್ಲ, ಮಂಗನ ಕಾಯಿಲೆ ಇಲ್ಲ.

ವೈದ್ಯೆ: ಒಪ್ಪಿದೆ. ಆ ಪಟ್ಟಿಗಳನ್ನು ನಮ್ಮ ನೆಲಕ್ಕೆ ತರುವಾಗ ನಾವು ಸೇರಿಸಿಕೊಳ್ಳಬೇಕಾದದ್ದು ಬಹಳ ಇದೆ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಮಲೆನಾಡಿನಲ್ಲಿ ಬೇಸಿಗೆಗೆ ಮುಂಚೆ ತಲೆಯೆತ್ತುತ್ತದೆ. ಆ ಕಡೆಯ ಮಗುವಾದರೆ ಕಾಡಿಗೆ ಹೋಗಿತ್ತೇ, ಉಣ್ಣೆ ಕಚ್ಚಿತ್ತೇ ಎಂದು ಕೇಳದೆ ಇರುವ ಹಾಗಿಲ್ಲ. ಸ್ಕ್ರಬ್ ಟೈಫಸ್ ಆದರೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಕಿವಿಯ ಹಿಂದೆಯೋ ಸುಟ್ಟ ಗಾಯದಂಥ ಒಂದು ಕಪ್ಪು ಹಕ್ಕಳೆ ಅವಿತಿರಬಹುದು. ಬಟ್ಟೆ ಬಿಚ್ಚಿ ನೋಡಿದವರಿಗೆ ಮಾತ್ರ ಸಿಗುತ್ತದೆ.

ಇನ್ನು ಡೆಂಗಿ. 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ನಿಮ್ಮ ಗಂಟೆಗೊಮ್ಮೆಯ ಪಟ್ಟಿಯನ್ನು ಪೂರಾ ತಲೆಕೆಳಗು ಮಾಡುವ ಕಾಯಿಲೆ ಅದು. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಅಪಾಯದ ಕಾಲ ಶುರುವಾಗುವುದೇ ಆಗ. ರಕ್ತನಾಳಗಳಿಂದ ದ್ರವ ಸೋರಲು ತೊಡಗುತ್ತದೆ. ಥರ್ಮಾಮೀಟರ್ 98.6 ತೋರಿಸುತ್ತಿರುತ್ತದೆ, ಮಗು ಹೊಟ್ಟೆ ಹಿಡಿದುಕೊಂಡು ಅಳುತ್ತಿರುತ್ತದೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ, ತಣ್ಣನೆಯ ಕೈಕಾಲು, ಆರು ಗಂಟೆ ಕಳೆದರೂ ಉಚ್ಚೆ ಇಲ್ಲ, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಕರೆತನ್ನಿ. ಎಲ್ಲರೂ ಪ್ಲೇಟ್ಲೆಟ್ ಎಷ್ಟು ಎಂದು ಕೇಳುತ್ತಾರೆ. ಮತ್ತೆ ಅಂಕಿಯ ಹುಚ್ಚು! ಬಹಳ ಮಕ್ಕಳಿಗೆ ಕುತ್ತು ಬರುವುದು ಈ ಸೋರಿಕೆಯಿಂದ, ಪ್ಲೇಟ್ಲೆಟ್ ಇಳಿದದ್ದರಿಂದಲ್ಲ.

ತಂದೆ: ಹಾಗಿದ್ದರೆ ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿಬಿಡುವುದು ಒಳ್ಳೆಯದಲ್ಲವೇ? ನಮ್ಮ ಬೀದಿಯ ಲ್ಯಾಬಿನಲ್ಲಿ ಜ್ವರದ ಪ್ಯಾಕೇಜ್ ಅಂತಲೇ ಇದೆ.

ವೈದ್ಯೆ: ಆ ಪ್ಯಾಕೇಜಿನಲ್ಲಿ ವೈಡಾಲ್ ಇರುತ್ತದೆ. ಟೈಫಾಯ್ಡ್‌ಗೆ 1896ರಲ್ಲಿ ಬಂದ ಪರೀಕ್ಷೆ. ಎರಡನೆಯ ದಿನಕ್ಕೆ ಮಾಡಿಸಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಅದು ಪಾಸಿಟಿವ್ ಅಂತ ಬಂದ ಮಾತ್ರಕ್ಕೆ ವಾರಗಟ್ಟಲೆ ಆ್ಯಂಟಿಬಯೋಟಿಕ್ ನುಂಗಿದ ಮಕ್ಕಳಿಗೆ ಲೆಕ್ಕವಿಲ್ಲ. ಮಾಡಿಸಬೇಕಾದ ಅಗ್ಗದ ಪರೀಕ್ಷೆ ಮೂತ್ರದ್ದು. ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ, ಬರೀ ಜ್ವರ, ಅದರಲ್ಲೂ ಚಿಕ್ಕ ಮಗು ಅಂದರೆ ಮೂತ್ರ ನೋಡಲೇಬೇಕು. ಹಿಡಿಯುವುದು ರಗಳೆ ಎಂದು ಯಾರೂ ಬರೆಯುವುದಿಲ್ಲ. ಐದು ದಿನವಾದರೂ ಜ್ವರ ಬಿಡದೆ, ಕಣ್ಣು ತುಟಿ ಕೆಂಪಾಗಿ, ಕೈಕಾಲು ಊದಿದರೆ ಜಪಾನಿನ ಕವಾಸಾಕಿ 1967ರಲ್ಲಿ ವರ್ಣಿಸಿದ ಕಾಯಿಲೆ ಇರಬಹುದೇ ಎಂದು ಯೋಚಿಸಬೇಕು, ಅದು ಹೃದಯದ ರಕ್ತನಾಳ ಕೆಡಿಸುತ್ತದೆ. ಉಳಿದಂತೆ ಮಕ್ಕಳ ಜ್ವರದಲ್ಲಿ ಹೆಚ್ಚಿನವು ವೈರಸ್ಸಿನವು. ಆ್ಯಂಟಿಬಯೋಟಿಕ್ ಅವಕ್ಕೆ ಏನೂ ಮಾಡದು. "ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ" ಅನ್ನುವವರಿಗೆ ಇಲ್ಲ ಎನ್ನುವುದೇ ನನ್ನ ದಿನದ ಅರ್ಧ ಕೆಲಸ.

ತಂದೆ: ಪ್ಯಾರಾಸಿಟಮಾಲ್ ಕೊಟ್ಟಾಗ ಜ್ವರ ಇಳಿದರೆ ಸಣ್ಣದು, ಇಳಿಯದಿದ್ದರೆ ದೊಡ್ಡದು ಅಂತ ನಾವೊಂದು ಲೆಕ್ಕ ಇಟ್ಟುಕೊಂಡಿದ್ದೇವೆ.

ವೈದ್ಯೆ: ಬಿಟ್ಟುಬಿಡಿ ಆ ಲೆಕ್ಕ. ಗಂಭೀರ ಸೋಂಕಿನ ಜ್ವರವೂ ಇಳಿಯುತ್ತದೆ, ಸಾಮಾನ್ಯ ಫ್ಲೂ ಜ್ವರವೂ ಇಳಿಯದೆ ಕೂರುತ್ತದೆ. ಔಷಧಿ ಕೊಡುವುದು ಮಗುವಿನ ನೋವು, ಸಂಕಟ ಕಡಿಮೆಯಾಗಲಿ ಎಂದು. ಥರ್ಮಾಮೀಟರಿನ ಸಮಾಧಾನಕ್ಕಲ್ಲ. ಕೊಡುವುದಾದರೆ ತೂಕ ನೋಡಿ ಕೊಡಿ, ಕೆಜಿಗೆ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಅಂತರ, ದಿನಕ್ಕೆ ನಾಲ್ಕೇ ಸಲ. ಬಾಟಲಿಯ ಮೇಲಿನ ಅಕ್ಷರ ಓದಿ, ಕೈಮುಗಿದು ಕೇಳುತ್ತೇನೆ. ಹತ್ತು ಕೆಜಿಯ ಮಗುವಿಗೆ 150 ಮಿಲಿಗ್ರಾಂ ಬೇಕು. ಮಿಲಿಲೀಟರಿಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಎಂಎಲ್, ಐದು ಎಂಎಲ್‌ಗೆ 250 ಇರುವ ಸಿರಪ್ ಆದರೆ ಮೂರು ಎಂಎಲ್, 120 ಇರುವುದಾದರೆ ಸುಮಾರು ಆರು ಎಂಎಲ್. ಆರು ಎಂಎಲ್ ಎಂಬ ಅಂಕಿ ನೆನಪಿಟ್ಟುಕೊಂಡು ಡ್ರಾಪ್ಸ್ ಬಾಟಲಿಯಿಂದ ಸುರಿದರೆ ನಾಲ್ಕು ಪಟ್ಟು ಔಷಧಿ ಯಕೃತ್ತಿಗೆ ಹೋಯಿತು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಬೇಡವೇ ಬೇಡ. ನಿಮೆಸುಲೈಡ್ ಹನ್ನೆರಡು ವರ್ಷದೊಳಗಿನವರಿಗೆ ನಮ್ಮ ದೇಶದಲ್ಲಿ 2011ರಿಂದ ನಿಷೇಧ. ಡೆಂಗಿ ಇರಬಹುದು ಎಂಬ ಸಂಶಯವಿದ್ದರೆ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಮುಟ್ಟಬೇಡಿ.

ತಂದೆ: ಮತ್ತೆ ಫಿಟ್ಸ್? ಜ್ವರ ಏರಲು ಬಿಟ್ಟರೆ ಫಿಟ್ಸ್ ಬರುತ್ತದಲ್ಲ. ನನ್ನ ಗಂಟೆಗೊಮ್ಮೆಯ ಪಟ್ಟಿಗೆ ನಿಜವಾದ ಕಾರಣ ಅದು.

ವೈದ್ಯೆ: ಈಗ ಅಸಲು ವಿಷಯ ಬಂತು. ಆರು ತಿಂಗಳಿಂದ ಐದಾರು ವರ್ಷದೊಳಗೆ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಜೊತೆ ಒಮ್ಮೆಯಾದರೂ ಸೆಳವು ಬರುತ್ತದೆ. ನೋಡುವವರಿಗೆ ಮಗು ಸತ್ತೇಹೋಯಿತು ಅನ್ನಿಸುತ್ತದೆ. ಆದರೆ ಹೆಚ್ಚಿನವು ಕೆಲವೇ ನಿಮಿಷದಲ್ಲಿ ತಾವಾಗಿ ನಿಲ್ಲುತ್ತವೆ, ಮಿದುಳಿಗೆ ಹಾನಿಯಾಗುವುದಿಲ್ಲ. ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್ ಹಾಕಿದರೂ ಅದನ್ನು ತಡೆಯಲಾಗುವುದಿಲ್ಲ, ಇದು ಪರೀಕ್ಷಿಸಿ ನೋಡಿದ ಮಾತು. ಬಂದಾಗ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ನೀರು ಹಾಕಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆಮಾಡಿ. ಬೇಗ ನಿಂತರೂ ಮೊದಲ ಸಲದ ಸೆಳವಾದರೆ ಅವತ್ತೇ ತೋರಿಸಿ, ಯಾಕೆಂದರೆ ಸೆಳವಿನ ಹಿಂದೆ ಮಿದುಳುಪೊರೆಯ ಸೋಂಕು ಇಲ್ಲವೆಂದು ಖಾತ್ರಿಮಾಡಿಕೊಳ್ಳಬೇಕು. ಬಾಲಗ್ರಹ ಅಂತ ಹೊಟ್ಟೆಯ ಮೇಲೆ ಬರೆ ಹಾಕಿಸಿಕೊಂಡು ಬರುವ ಮಕ್ಕಳು ಇನ್ನೂ ಇದ್ದಾರೆ ನಮ್ಮ ರಾಜ್ಯದಲ್ಲಿ. ಜ್ವರಕ್ಕೆ ಚಿಕಿತ್ಸೆ ಮಾಡುವ ಮೊದಲು ಸುಟ್ಟ ಗಾಯಕ್ಕೆ ಮಾಡಬೇಕು. ಅದರ ಬಗ್ಗೆ ಮೃದುವಾಗಿ ಮಾತಾಡಲು ನನ್ನಿಂದಾಗದು. ಅದು ಹಿಂಸೆ.

ತಂದೆ: ನೀವು ಹೇಳಿದ್ದನ್ನೆಲ್ಲ ನೋಡಿಕೊಂಡೆ ಅಂತಿಟ್ಟುಕೊಳ್ಳಿ. ಉಸಿರು ಸರಿ, ಬಣ್ಣ ಸರಿ, ಕುಡಿಯುತ್ತಿದೆ, ಆಡುತ್ತಿದೆ. ನಿಮಗೂ ತೋರಿಸಿದೆ, ನೀವೂ ಏನಿಲ್ಲ ಅಂದಿರಿ. ಆಮೇಲೆ ನೆಮ್ಮದಿಯಾಗಿ ಮಲಗಬಹುದಲ್ಲ?

ವೈದ್ಯೆ: ಮಲಗಿ, ರಾತ್ರಿ ಒಂದು ಸಲ ಎದ್ದು ನೋಡಿ. ನಾನು "ಏನಿಲ್ಲ" ಅಂದದ್ದು ಆ ಹೊತ್ತಿಗೆ. ಮಧ್ಯಾಹ್ನ ನಾಲ್ಕಕ್ಕೆ ಸರಿಯಿದ್ದ ಮಗು ರಾತ್ರಿ ಹತ್ತಕ್ಕೆ ಕೆಡಬಹುದು. ಅದರಲ್ಲಿ ನಾಲ್ಕರ ವೈದ್ಯೆಯ ಕಣ್ತಪ್ಪೇನೂ ಇಲ್ಲ, ಸೋಂಕು ಬೆಳೆಯುವ ರೀತಿಯೇ ಹಾಗೆ. ಬೆಳಿಗ್ಗೆ ತೋರಿಸಿದ್ದೇವೆ, ಮತ್ತೆ ಹೋದರೆ ಡಾಕ್ಟರ್ ಬೈದಾರು ಎಂದು ಸಂಕೋಚಪಟ್ಟು ಮನೆಯಲ್ಲಿ ಉಳಿದವರಿಂದ ನಾವು ಕಳೆದುಕೊಳ್ಳುವಷ್ಟು ಮಕ್ಕಳನ್ನು ಅನವಶ್ಯಕವಾಗಿ ಎರಡು ಸಲ ಬಂದವರಿಂದ ಕಳೆದುಕೊಳ್ಳುವುದಿಲ್ಲ. ಹಾಗಾಗಿ ಯಾವ ವೈದ್ಯರ ಬಳಿ ಹೋದರೂ ಸರಿ, ಔಷಧಿ ಚೀಟಿ ಕೈಗೆ ಬಂದ ಕೂಡಲೇ ಎದ್ದು ಬರಬೇಡಿ. "ಏನು ಕಂಡರೆ ವಾಪಸ್ ಬರಬೇಕು, ಎಷ್ಟು ಹೊತ್ತಿನೊಳಗೆ, ರಾತ್ರಿಯಾದರೆ ಎಲ್ಲಿಗೆ?" ಈ ಮೂರನ್ನೂ ಕೇಳಿ, ಅದೇ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಬರೆಯಲು ಪುರುಸೊತ್ತಿಲ್ಲ ಅಂದರೆ, ಬರೆಯುವವರೆಗೂ ಕುರ್ಚಿ ಬಿಡಬೇಡಿ.